ಪುಟ್ಟ ಸ್ಪಿರಿಟ್ ಸ್ಟೌವ್‌ಗೆ ಮನೆಯಲ್ಲೇ ಪಾತ್ರೆ ಸ್ಟ್ಯಾಂಡ್ ಮಾಡಿಕೊಳ್ಳಿ

ಕ್ಯಾಂಪಿಂಗ್ ಅಡುಗೆ ಬಗ್ಗೆ ಏನೇ ಬರೆದರೂ ಓದುಗರಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: "ಆನ್‌ಲೈನ್‌ನಲ್ಲಿ ಹಿತ್ತಾಳೆಯ ಪುಟ್ಟ ಸ್ಪಿರಿಟ್ ಬರ್ನರ್ ತರಿಸಿದ್ದೀನಿ, ಪಾತ್ರೆ ಇಡೋದು ಯಾವುದರ ಮೇಲೆ?" ನ್ಯಾಯವಾದ ಪ್ರಶ್ನೆಯೇ. ಬರ್ನರ್ ಅಂದರೆ ಬರೀ ಒಂದು ಬಟ್ಟಲು. ಅದರ ಬಾಯಿ ಮೇಲೆಯೇ ಪಾತ್ರೆ ಇಟ್ಟರೆ ಉರಿ ಉಸಿರು ಕಟ್ಟಿ ಆರುತ್ತದೆ. ಸುತ್ತ ಮೂರು ಕಲ್ಲು ಜೋಡಿಸೋಣ ಅಂದರೆ ಒಂದೇ ಎತ್ತರದ ಕಲ್ಲು ಸಿಗಬೇಕಲ್ವಾ? ಸ್ಟ್ಯಾಂಡ್ ಬೇರೆ ಕೊಳ್ಳಬಹುದು, ಆದರೆ ಅದು ನಿಮ್ಮ ಬರ್ನರ್‌ಗೂ ನಿಮ್ಮ ಪಾತ್ರೆಗೂ ಹೊಂದುತ್ತದೆ ಅನ್ನುವ ಖಾತ್ರಿ ಇಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಒಂದು ತುಂಡು ಜಾಲರಿ ಇದ್ದರೆ ಅರ್ಧ ದಿನದ ಕೆಲಸ.

ಇಲ್ಲಿ ಹೇಳುವುದು ಸ್ಪಿರಿಟ್‌ನಿಂದ, ಅಂದರೆ ಉರಿಸಲು ಬಳಸುವ ಆಲ್ಕೋಹಾಲ್‌ನಿಂದ ಉರಿಯುವ, ಬಾಯಿ ತೆರೆದ ಬರ್ನರ್‌ಗೆ. ಸ್ವೀಡನ್‌ನ ಟ್ರಾಂಜಿಯಾ ಕಂಪನಿಯ ಹಿತ್ತಾಳೆ ಬರ್ನರ್ ಈ ಜಾತಿಯ ಮಾದರಿ. ಈಗ ನಮ್ಮಲ್ಲಿ ಸಿಗುವ ಬಹಳಷ್ಟು ಬರ್ನರ್‌ಗಳು ಅದರ ನಕಲು. ಅಗಲ ಸುಮಾರು 7.5 ಸೆಂ.ಮೀ., ಎತ್ತರ ಸುಮಾರು 4.5 ಸೆಂ.ಮೀ. ನಿಮ್ಮದು ಬೇರೆ ಅಳತೆಯದಾದರೂ ಪರವಾಗಿಲ್ಲ, ಲೆಕ್ಕ ಹಾಕುವ ರೀತಿ ಕೆಳಗಿದೆ.

ಶುರು ಮಾಡುವ ಮುಂಚೆ ಒಂದು ಮಾತು. 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಮೀಸಲು ಅರಣ್ಯದೊಳಗೆ ಬೆಂಕಿ ಹಚ್ಚುವುದು ಅಪರಾಧ. ಸ್ಟೌವ್ ಪುಟ್ಟದು ಅಂತ ವಿನಾಯಿತಿ ಕೇಳಬೇಡಿ. ಕುಮಾರ ಪರ್ವತ, ಕುದುರೆಮುಖದಂಥ ಕಡೆ ಅದನ್ನು ಬ್ಯಾಗಿನಿಂದ ಹೊರಗೆ ತೆಗೆಯುವ ಯೋಚನೆಯೇ ಬೇಡ. ಹೋಂಸ್ಟೇ ಅಂಗಳ, ಪರಿಚಯದವರ ತೋಟ, ಬೈಕ್ ಪ್ರವಾಸದಲ್ಲಿ ಕ್ಯಾಂಪಿಂಗ್‌ಗೆ ಅಂತಲೇ ಬಿಟ್ಟಿರುವ ಜಾಗ, ಇಂಥ ಕಡೆಗೆ ಇದು.

ಮೊದಲು ಎರಡು ಅಳತೆ

ಪಾತ್ರೆ ಸ್ಟ್ಯಾಂಡ್ ಅಂದರೆ ಮುಖ್ಯವಾಗಿ ಎರಡೇ ಅಳತೆ: ಎತ್ತರ ಮತ್ತು ಅಗಲ. ಎಲ್ಲರೂ ತೂಕದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, "ಎಷ್ಟು ಗ್ರಾಂ ಆಗುತ್ತೆ?" ಅಂತ ಕೇಳುತ್ತಾರೆ. ಹತ್ತು ಗ್ರಾಂ ಉಳಿಸಲು ಹೋಗಿ ಒಂದು ಲೀಟರ್ ಕುದಿಯುವ ನೀರನ್ನು ಕಾಲ ಮೇಲೆ ಸುರಿದುಕೊಳ್ಳುವುದರಲ್ಲಿ ಅರ್ಥವಿಲ್ಲ. ಮೊದಲು ಅಲುಗಾಡದ ಹಾಗೆ ಮಾಡಿ, ತೂಕ ಆಮೇಲೆ ನೋಡೋಣ.

ಎತ್ತರ: ಬರ್ನರ್ ಬಾಯಿಗೂ ಪಾತ್ರೆಯ ತಳಕ್ಕೂ ನಡುವೆ 2.5ರಿಂದ 3.5 ಸೆಂ.ಮೀ. ಜಾಗ ಬೇಕು. ಇದಕ್ಕಿಂತ ಕಡಿಮೆಯಾದರೆ ಸ್ಪಿರಿಟ್ ಆವಿಗೆ ಗಾಳಿ ಸಾಲದು. ಪೂರ್ತಿ ಉರಿಯುವ ಮುಂಚೆಯೇ ಉರಿ ತಣ್ಣನೆಯ ತಳಕ್ಕೆ ತಾಗುತ್ತದೆ, ಕಣ್ಣು ಉರಿಸುವ ವಾಸನೆ ಬರುತ್ತದೆ, ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿಯೂ ಜಾಸ್ತಿ ಆಗುತ್ತದೆ. ಇದಕ್ಕಿಂತ ಹೆಚ್ಚಾದರೆ ಕಾವೆಲ್ಲ ಪಕ್ಕಕ್ಕೆ ಹೋಗುತ್ತದೆ. ಹಾಗಾಗಿ ಸೂತ್ರ ಸುಲಭ: ಬರ್ನರ್ ಎತ್ತರಕ್ಕೆ 3 ಸೆಂ.ಮೀ. ಸೇರಿಸಿ. 4.5 ಸೆಂ.ಮೀ. ಬರ್ನರ್‌ಗೆ 7.5 ಸೆಂ.ಮೀ. ಸ್ಟ್ಯಾಂಡ್. ಅನುಮಾನ ಬಂದರೆ ಸ್ವಲ್ಪ ಎತ್ತರವೇ ಇರಲಿ. ಸ್ಟ್ಯಾಂಡ್ ಎತ್ತರವಾದರೆ ಬರ್ನರ್ ಕೆಳಗೆ ಒಂದು ಟೈಲ್ಸ್ ಚೂರು ಇಟ್ಟು ಸರಿ ಮಾಡಬಹುದು. ಗಿಡ್ಡವಾದರೆ ಏನೂ ಮಾಡುವಂತಿಲ್ಲ.

ಅಗಲದ ವಿಷಯ ಸ್ವಲ್ಪ ನಿಧಾನಕ್ಕೆ ನೋಡಬೇಕು. ಮೂರು ಕಾಲಿನ ಸ್ಟ್ಯಾಂಡ್ ಎಂಥ ನೆಲದ ಮೇಲೂ ಕುಂಟುವುದಿಲ್ಲ, ನಿಜ. ಆದರೆ ಅದು ಕುಂಟುವುದಿಲ್ಲ ಅಂದ ಮಾತ್ರಕ್ಕೆ ಉರುಳುವುದಿಲ್ಲ ಅಂತಲ್ಲ. ಎರಡು ಕಾಲುಗಳ ನಡುವಿನ ಗೆರೆಯ ಕಡೆಗೆ ಒಂದಿಷ್ಟು ವಾಲಿದರೆ ಸಾಕು, ಪಾತ್ರೆ ಹೋಯಿತು. ಲೆಕ್ಕ ನೋಡಿ. 10 ಸೆಂ.ಮೀ. ಅಗಲದ ವೃತ್ತದ ಮೇಲೆ ಕಾಲುಗಳಿವೆ, ತುಂಬಿದ ಪಾತ್ರೆಯ ತೂಕದ ನಡುಬಿಂದು ನೆಲದಿಂದ 12 ಸೆಂ.ಮೀ. ಮೇಲಿದೆ ಅಂದುಕೊಳ್ಳಿ. ಮೂರು ಕಾಲಾದರೆ ಸುಮಾರು 12 ಡಿಗ್ರಿ ವಾಲಿದಾಗ ಉರುಳುತ್ತದೆ. ನಾಲ್ಕು ಕಾಲಾದರೆ 16 ಡಿಗ್ರಿ. ಪೂರ್ತಿ ದುಂಡಗಿನ ಬಳೆಯಂಥ ಸ್ಟ್ಯಾಂಡ್ ಆದರೆ 22 ಡಿಗ್ರಿವರೆಗೂ ನಿಲ್ಲುತ್ತದೆ. ಅಗಲ ಅದೇ, ಎತ್ತರ ಅದೇ, ಆದರೂ ಹೆಚ್ಚುಕಡಿಮೆ ಎರಡರಷ್ಟು ಭದ್ರ. ಮೊದಲ ಸಲ ಮಾಡುವವರಿಗೆ ನಾನು ಜಾಲರಿಯ ದುಂಡು ಸ್ಟ್ಯಾಂಡನ್ನೇ ಹೇಳುವುದು ಇದಕ್ಕೇ.

ಏನೇನು ಬೇಕು?

ವೆಲ್ಡ್ ಮೆಶ್, ಅರ್ಧ ಇಂಚಿನ ಚೌಕದ್ದು. ವೆಲ್ಡ್ ಮೆಶ್ ಅಂದರೆ ಅಡ್ಡ ತಂತಿ, ಉದ್ದ ತಂತಿ ಸೇರುವ ಕಡೆಯಲ್ಲೆಲ್ಲ ಬೆಸುಗೆ ಹಾಕಿರುವ ಜಾಲರಿ. ಪಂಜರಕ್ಕೆ, ಕಿಟಕಿಗೆ ಹಾಕುತ್ತಾರಲ್ಲ, ಅದು. ತಂತಿ ದಪ್ಪ 1 ಮಿ.ಮೀ.ಗಿಂತ ಕಡಿಮೆ ಇರಬಾರದು. ಜೇನುಗೂಡಿನ ಆಕಾರದ ತೆಳು ಕೋಳಿ ಜಾಲರಿ ಕೊಟ್ಟರೆ ಬೇಡ ಅನ್ನಿ. ಅದು ಬರೀ ಹೆಣೆದದ್ದು, ಭಾರ ಬಿದ್ದರೆ ಕುಸಿಯುತ್ತದೆ.

ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಸಿಕ್ಕರೆ ಕಾಸು ಜಾಸ್ತಿಯಾದರೂ ಅದನ್ನೇ ತೊಗೊಳ್ಳಿ. ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಗುವುದು ಜಿ.ಐ., ಅಂದರೆ ತುಕ್ಕು ಹಿಡಿಯದಿರಲಿ ಅಂತ ಸತುವಿನ ಲೇಪ ಕೊಟ್ಟ ಕಬ್ಬಿಣ. ಇಲ್ಲೇ ಇರುವುದು ಮುಖ್ಯ ಎಚ್ಚರಿಕೆ. ಸತು 420 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ, ಸ್ಪಿರಿಟ್ ಉರಿಯ ಕಾವು ಅದಕ್ಕಿಂತ ಬಹಳ ಮೇಲೆ. ಸತುವಿನ ಹೊಗೆ ಎದೆಗೆ ಹೋದರೆ ಕೆಲವು ಗಂಟೆ ಬಿಟ್ಟು ಚಳಿ, ಜ್ವರ, ಮೈಕೈ ನೋವು ಬರುತ್ತದೆ. ಜಿ.ಐ. ವೆಲ್ಡಿಂಗ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಜಿ.ಐ. ಬಿಟ್ಟರೆ ಬೇರೆ ಸಿಗಲೇ ಇಲ್ಲ ಅಂದರೆ, ಸ್ಟ್ಯಾಂಡ್ ಮಾಡಿದ ಮೇಲೆ ಅದನ್ನು ವಿನಿಗರ್‌ನಲ್ಲಿ ಮುಳುಗಿಸಿ, ಬಯಲಲ್ಲಿ, ಮುಚ್ಚಳ ಹಾಕದೆ, ಒಂದು ರಾತ್ರಿ ಬಿಡಿ. ಗುಳ್ಳೆ ಏಳುವುದು ನಿಂತು, ಹೊಳಪು ಹೋಗಿ ಕಪ್ಪು ಕಬ್ಬಿಣ ಕಾಣಿಸಿದರೆ ಲೇಪ ಹೋಗಿದೆ ಅಂತ ಅರ್ಥ. ಇಲ್ಲದಿದ್ದರೆ ವಿನಿಗರ್ ಬದಲಿಸಿ ಇನ್ನೊಂದು ದಿನ. ಏಳುವ ಗುಳ್ಳೆ ಹೈಡ್ರೋಜನ್, ಹತ್ತಿರ ಬೆಂಕಿ ತರಬೇಡಿ. "ಒಂದ್ಸಲ ಸುಟ್ಟುಬಿಟ್ಟರೆ ಹೋಗುತ್ತಲ್ವಾ" ಅಂತ ಬೆಂಕಿಗೆ ಹಾಕುವುದಂತೂ ಬೇಡವೇ ಬೇಡ.

ಉಳಿದದ್ದು: ತುದಿಯವರೆಗೂ ಕತ್ತರಿಸಬಲ್ಲ ಕಟಿಂಗ್ ಪ್ಲೇಯರ್, ಮೂತಿ ಚೂಪಾಗಿರುವ ಇಕ್ಕಳ, ಸಣ್ಣ ಅರ, ಒಂದು ಜೊತೆ ದಪ್ಪ ಕೈಗವಸು, 9 ಸೆಂ.ಮೀ. ಅಗಲದ ಒಂದು ಗಟ್ಟಿ ಡಬ್ಬಿ. ಕಣ್ಣಿಗೆ ಕನ್ನಡಕ. ಕತ್ತರಿಸಿದ ತಂತಿಯ ಚೂರು ಎಲ್ಲಿಗೆ ಹಾರುತ್ತದೆ ಅಂತ ಹೇಳಲಾಗದು.

ಜಾಲರಿ ಸ್ಟ್ಯಾಂಡ್, ಹಂತ ಹಂತವಾಗಿ

1. ಚೌಕ ಎಣಿಸಿ. ಸ್ಕೇಲ್ ಬೇಡ. ಅರ್ಧ ಇಂಚು ಅಂದರೆ 1.27 ಸೆಂ.ಮೀ. ಎತ್ತರಕ್ಕೆ 6 ಚೌಕ ತೊಗೊಂಡರೆ 7.6 ಸೆಂ.ಮೀ. ಸಿಗುತ್ತದೆ, ನಮಗೆ ಬೇಕಾದಷ್ಟೇ. ಉದ್ದಕ್ಕೆ 25 ಚೌಕ, ಅಂದರೆ ಸುಮಾರು 31.8 ಸೆಂ.ಮೀ. ದುಂಡಗೆ ಸುತ್ತಿದಾಗ 10 ಸೆಂ.ಮೀ. ಅಗಲ ಆಗುತ್ತದೆ. ನಿಮ್ಮ ಪಾತ್ರೆಯ ತಳ ಇದಕ್ಕಿಂತ ಎರಡು ಸೆಂ.ಮೀ. ಆದರೂ ಅಗಲ ಇರಬೇಕು. ತಳ 12 ಸೆಂ.ಮೀ. ಇರುವ, ಒಂದು ಲೀಟರ್ ಹಿಡಿಯುವ ಸ್ಟೀಲ್ ಪಾತ್ರೆಗೆ ಇದು ಸರಿಯಾದ ಜೋಡಿ. ಬರ್ನರ್ ಸುತ್ತ ಒಂದು ಸೆಂ.ಮೀ.ಗಿಂತ ಜಾಸ್ತಿ ಗಾಳಿ ಜಾಗವೂ ಉಳಿಯುತ್ತದೆ.

2. ಕತ್ತರಿಸಿ, ಆದರೆ ಮೂರು ಅಂಚು ಒಂದು ರೀತಿ, ನಾಲ್ಕನೆಯದು ಇನ್ನೊಂದು ರೀತಿ. ಮೇಲಿನ ಅಂಚು, ಕೆಳಗಿನ ಅಂಚು, ಎಡಗಡೆಯ ಅಂಚು ಈ ಮೂರರಲ್ಲೂ ಕೊನೆಯ ತಂತಿಗೆ ತೀರಾ ಒತ್ತಿ ಕತ್ತರಿಸಿ, ಮುಳ್ಳು ಉಳಿಯಬಾರದು. ಬಲಗಡೆ ಮಾತ್ರ 25ನೇ ಚೌಕ ಮುಗಿದ ಮೇಲೆ ಇನ್ನೊಂದು ಚೌಕದಷ್ಟು ಅಡ್ಡ ತಂತಿಗಳನ್ನು ಬಾಲದ ಹಾಗೆ ಬಿಡಿ. 6 ಚೌಕ ಎತ್ತರಕ್ಕೆ 7 ಅಡ್ಡ ತಂತಿ ಇರುತ್ತದೆ, ಹಾಗಾಗಿ 7 ಬಾಲ. ಇವೇ ಕೊಂಡಿಗಳು.

ಅವಸರದಲ್ಲಿ ನಾಲ್ಕೂ ಕಡೆ ನೀಟಾಗಿ ಕತ್ತರಿಸಿಬಿಡುವವರೇ ಜಾಸ್ತಿ. ಹಾಗಾಗಿದ್ದರೆ ಎಸೆಯಬೇಡಿ, ಒಂದು ಚೌಕದ ಸಾಲು ಬಿಚ್ಚಿ ಬಾಲ ಮಾಡಿಕೊಳ್ಳಿ. ಸ್ಟ್ಯಾಂಡ್ ಸ್ವಲ್ಪ ಕಿರಿದಾಗುತ್ತದೆ ಅಷ್ಟೇ.

3. ಅರ ಹಾಕಿ. ಜಾಲರಿ ಚಪ್ಪಟೆ ಇರುವಾಗಲೇ ಕತ್ತರಿಸಿದ ತುದಿಗಳನ್ನೆಲ್ಲ ಉಜ್ಜಿ. ದುಂಡು ಮಾಡಿದ ಮೇಲೆ ಒಳಗಡೆಗೆ ಅರ ಹೋಗುವುದಿಲ್ಲ. ಕೈಗವಸು ತೆಗೆದು ಬೆರಳಿನಿಂದ ನಿಧಾನಕ್ಕೆ ಸವರಿ ನೋಡಿ. ಎಲ್ಲಿ ಚುಚ್ಚುತ್ತದೋ ಅಲ್ಲಿ ಇನ್ನೂ ಸ್ವಲ್ಪ.

4. ದುಂಡು ಮಾಡಿ. ಜಾಲರಿಯನ್ನು ಡಬ್ಬಿಗೆ ಒತ್ತಿ ಒಂದೇ ಸಲ ಸುತ್ತಿದರೆ ಎಲ್ಲೋ ಒಂದೆರಡು ಕಡೆ ಮಡಿಚಿಕೊಂಡು ಮೂಲೆ ಏಳುತ್ತದೆ. ಒಂದೊಂದೇ ಉದ್ದ ತಂತಿ ಹಿಡಿದು, ಅದರ ಪಕ್ಕದಲ್ಲಿ ಹೆಬ್ಬೆರಳಿನಿಂದ ಚೂರೇ ಚೂರು ಬಗ್ಗಿಸುತ್ತಾ ಹೋಗಿ. 25 ಕಡೆ ಸ್ವಲ್ಪಸ್ವಲ್ಪ ಬಗ್ಗಿದರೆ ಒಳ್ಳೆ ದುಂಡು ಬರುತ್ತದೆ. ತಂತಿ ಸ್ವಲ್ಪ ವಾಪಸ್ ಚಿಮ್ಮುತ್ತದೆ, ಅದಕ್ಕೇ 10 ಸೆಂ.ಮೀ. ಸ್ಟ್ಯಾಂಡ್‌ಗೆ 9 ಸೆಂ.ಮೀ. ಡಬ್ಬಿ ಹೇಳಿದ್ದು.

5. ಕೊಂಡಿ ಹಾಕಿ. ಮೊದಲ ಉದ್ದ ತಂತಿಯನ್ನೂ ಕೊನೆಯ ಉದ್ದ ತಂತಿಯನ್ನೂ ಪಕ್ಕಪಕ್ಕ ತಂದು, ಬಾಲಗಳನ್ನು ಮೊದಲ ತಂತಿಯ ಸುತ್ತ ಇಕ್ಕಳದಿಂದ ಮಡಚಿ. ನಡುವಿನದು ಮೊದಲು, ಆಮೇಲೆ ಮೇಲಿನದು, ಕೆಳಗಿನದು, ಕೊನೆಗೆ ಉಳಿದವು. ಮೇಲಿನಿಂದ ಸಾಲಾಗಿ ಮಡಚುತ್ತಾ ಬಂದರೆ ಕೆಳಗೆ ಬರುವಷ್ಟರಲ್ಲಿ ಸ್ಟ್ಯಾಂಡ್ ಓರೆಯಾಗಿರುತ್ತದೆ. ಬಾಲದ ತುದಿ ಹೊರಗಡೆ ಉಳಿಯದ ಹಾಗೆ ಒಳಕ್ಕೆ ಅದುಮಿ. ಬ್ಯಾಗಿನ ಬಟ್ಟೆ ಹರಿಯುವುದು ಈ ತುದಿಗಳಿಂದಲೇ.

ಕೊಂಡಿ ಬದಲು ಕಟ್ಟು ತಂತಿಯಲ್ಲಿ ಹೊಲಿಯಬಹುದಾ ಅಂತ ಕೇಳುತ್ತಾರೆ. ಹೊಲಿಯಬಹುದು, ಆದರೆ ಸಿಮೆಂಟ್ ಕೆಲಸದ ಕಟ್ಟು ತಂತಿ ಉರಿಗೆ ಬೇಗ ಸುಟ್ಟು ಪುಡಿಯಾಗುತ್ತದೆ. ಬೆಸುಗೆಯಂತೂ ಬೇಡ. ರೇಡಿಯೋ ರಿಪೇರಿಯ ಸೀಸ-ತವರದ ಬೆಸುಗೆ 190 ಡಿಗ್ರಿ ಆಸುಪಾಸಿನಲ್ಲೇ ಕರಗಿ ಬೀಳುತ್ತದೆ.

6. ಸಮ ಮಾಡಿ. ಕನ್ನಡಿ ಅಥವಾ ಗ್ರಾನೈಟ್ ಕಟ್ಟೆ ಮೇಲೆ ನಿಲ್ಲಿಸಿ, ಮೇಲೆ ಒಂದು ತಟ್ಟೆ ಇಟ್ಟು ಮೂಲೆ ಮೂಲೆ ಒತ್ತಿ. ಕುಂಟುತ್ತಿದ್ದರೆ ಎತ್ತರ ಇರುವ ಕಡೆ ಸುಮ್ನೆ ಅಂಗೈಯಿಂದ ಅದುಮಿದರೆ ಸಾಕು.

ಉರಿ ಹಚ್ಚುವ ಮುಂಚೆ ನೀರಿನ ಪರೀಕ್ಷೆ

ಪಾತ್ರೆ ತುಂಬ ತಣ್ಣೀರು ಹಾಕಿ, ಸ್ಟ್ಯಾಂಡ್ ಮೇಲಿಡಿ. ಎರಡನ್ನೂ ಒಂದು ಮಣೆ ಅಥವಾ ಹಲಗೆ ಮೇಲಿಟ್ಟು ಒಂದು ಕಡೆಯಿಂದ ಮೆಲ್ಲಗೆ ಎತ್ತಿ. 30 ಸೆಂ.ಮೀ. ಉದ್ದದ ಹಲಗೆಯ ಒಂದು ತುದಿ 5 ಸೆಂ.ಮೀ. ಎದ್ದರೆ ಹತ್ತು ಡಿಗ್ರಿಯಷ್ಟು ಇಳಿಜಾರು. ಅಷ್ಟರೊಳಗೆ ಪಾತ್ರೆ ಜಾರಬಾರದು, ವಾಲಬಾರದು. ತಳ ನುಣುಪಾದ ಹೊಸ ಸ್ಟೀಲ್ ಪಾತ್ರೆ ಜಾರುವುದುಂಟು. ಆಗ ಮೇಲಿನ ಅಂಚಿನ ತಂತಿಯನ್ನು ಎಮರಿ ಪೇಪರ್‌ನಲ್ಲಿ ಒರಟು ಮಾಡಿ.

ಆಮೇಲೆ ಪಾತ್ರೆಯ ಹಿಡಿ ನೋಡಿ. ಒಂದೇ ಕಡೆ ಉದ್ದ ಹಿಡಿ ಇರುವ ಸಾಸ್‌ಪ್ಯಾನ್ ಖಾಲಿಯಾದಂತೆಲ್ಲ ಹಿಡಿಯ ಕಡೆಗೆ ವಾಲುತ್ತದೆ. ಟೀ ಸೋಸಿ ಅರ್ಧ ಪಾತ್ರೆ ವಾಪಸ್ ಇಟ್ಟಾಗ ಉರುಳುವುದು ಇದರಿಂದ. ಪುಟ್ಟ ಸ್ಟೌವ್‌ಗೆ ಹಿಡಿ ಇಲ್ಲದ ಪಾತ್ರೆ, ಜೊತೆಗೊಂದು ಇಕ್ಕಳ, ಇದೇ ಸರಿ.

ಉರಿಯ ಪರೀಕ್ಷೆ

ಇದು ಅಂಗಳದಲ್ಲಿ ಅಥವಾ ತಾರಸಿಯಲ್ಲಿ, ಸಿಮೆಂಟ್ ನೆಲದ ಮೇಲೆ. ಅಡುಗೆಮನೆಯಲ್ಲಿ ಬೇಡ, ಟೆಂಟ್ ಒಳಗಂತೂ ಯಾವತ್ತೂ ಬೇಡ. ಪಕ್ಕದಲ್ಲಿ ಒಂದು ಒದ್ದೆ ಬಟ್ಟೆ, ಒಂದು ಬಕೆಟ್ ನೀರು ಇರಲಿ.

ಅರ್ಧ ಲೀಟರ್ ನೀರು ಅಳೆದು ಪಾತ್ರೆಗೆ ಹಾಕಿ, ಮುಚ್ಚಳ ಮುಚ್ಚಿ. ಬರ್ನರ್‌ಗೆ 30 ಮಿ.ಲೀ. ಸ್ಪಿರಿಟ್. ಯಾವತ್ತೂ ಮೂರನೇ ಎರಡು ಪಾಲಿಗಿಂತ ಜಾಸ್ತಿ ತುಂಬಬೇಡಿ. ಮೊದಲು ಬರ್ನರ್ ಹಚ್ಚಿ, ಆಮೇಲೆ ಇಕ್ಕಳದಿಂದ ಸ್ಟ್ಯಾಂಡ್ ಹಿಡಿದು ಮೇಲಿನಿಂದ ಇಳಿಸಿ. ಸ್ಟ್ಯಾಂಡ್ ಇಟ್ಟ ಮೇಲೆ ಹಚ್ಚಬೇಕಾದರೆ ಉದ್ದ ತಂತಿಯ ತುದಿಗೆ ಹತ್ತಿ ಬತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ ಹಚ್ಚಿ ಜಾಲರಿಯ ಕಿಂಡಿಯಿಂದ ಒಳಗೆ ತೂರಿಸಿ.

25 ಡಿಗ್ರಿಯ ಅರ್ಧ ಲೀಟರ್ ನೀರು ಕುದಿಯಲು ಲೆಕ್ಕದ ಪ್ರಕಾರ 8 ಮಿ.ಲೀ. ಸ್ಪಿರಿಟ್‌ನ ಕಾವು ಸಾಕು. ಆದರೆ ಅರ್ಧಕ್ಕರ್ಧ ಕಾವು ಗಾಳಿಗೆ ಹೋಗುವುದರಿಂದ 15ರಿಂದ 20 ಮಿ.ಲೀ. ಬೇಕಾಗುತ್ತದೆ. ನಿಮ್ಮ 30 ಮಿ.ಲೀ. ಮುಗಿದರೂ ನೀರು ಕುದಿಯದಿದ್ದರೆ ಎತ್ತರ ಜಾಸ್ತಿಯಾಗಿದೆ, ಇಲ್ಲವೇ ಗಾಳಿ ಹೊಡೆಯುತ್ತಿದೆ. ಉರಿ ಪಾತ್ರೆಯ ಬದಿಗೆ ಹತ್ತಿ ಮೇಲೆ ನೆಕ್ಕುತ್ತಿದ್ದರೆ, ಹಳದಿಯಾಗಿದ್ದರೆ, ಮೂಗಿಗೆ ಘಾಟು ಬಂದರೆ ಎತ್ತರ ಸಾಲದು. ಆದರೆ ಹಳದಿ ಉರಿಗೆ ಇನ್ನೊಂದು ಕಾರಣವೂ ಇದೆ. ಸ್ಯಾನಿಟೈಸರ್‌ಗೆ ಬಳಸುವ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದರೆ ಸ್ಟ್ಯಾಂಡ್ ಎಷ್ಟೇ ಸರಿ ಇದ್ದರೂ ಮಸಿ ಹಿಡಿಯುತ್ತದೆ. ಪೆಟ್ರೋಲ್, ಥಿನ್ನರ್ ಹಾಕುವ ಮಾತೇ ಇಲ್ಲ. ಬಾಯಿ ತೆರೆದ ಬರ್ನರ್‌ನಲ್ಲಿ ಅವು ಭಗ್ಗೆಂದು ಏಳುತ್ತವೆ.

ಒಂದು ಅಪಾಯ ಗಟ್ಟಿಯಾಗಿ ಹೇಳಬೇಕು. ಸ್ಪಿರಿಟ್ ಉರಿ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಆರಿದೆ ಅಂದುಕೊಂಡು ಬಾಟಲಿಯಿಂದ ಮತ್ತೆ ಸುರಿದರೆ ಉರಿ ಧಾರೆ ಹಿಡಿದು ಬಾಟಲಿಗೇ ಹತ್ತುತ್ತದೆ. ಬರ್ನರ್ ಕೈಯಲ್ಲಿ ಮುಟ್ಟುವಷ್ಟು ತಣ್ಣಗಾಗುವ ತನಕ ಸ್ಪಿರಿಟ್ ತುಂಬಬಾರದು. ಆರಿಸಲು ಬರ್ನರ್ ಜೊತೆ ಬರುವ ಚಪ್ಪಟೆ ಲೋಹದ ಮುಚ್ಚಳ ಬಳಸಿ. ತಿರುಗಿಸಿ ಹಾಕುವ ಮುಚ್ಚಳದಲ್ಲಿ ರಬ್ಬರ್ ವಾಷರ್ ಇರುತ್ತದೆ, ಬಿಸಿಯಲ್ಲಿ ಹಾಕಿದರೆ ಅದು ಕರಗಿ ಮುಂದಿನ ಸಲ ಬ್ಯಾಗೆಲ್ಲ ಸ್ಪಿರಿಟ್. ಸ್ಪಿರಿಟನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಒಯ್ಯಬೇಡಿ. ಒಯ್ಯಲೇಬೇಕಾದರೆ ಕೆಂಪು ಟೇಪ್ ಸುತ್ತಿ ದಪ್ಪ ಅಕ್ಷರದಲ್ಲಿ "ವಿಷ" ಅಂತ ಬರೆಯಿರಿ. ಅದರಲ್ಲಿ ಮೆಥನಾಲ್ ಬೆರೆತಿರಬಹುದು, ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗುತ್ತದೆ.

ಗಾಳಿ ತಡೆ

ಜಾಲರಿ ಸ್ಟ್ಯಾಂಡ್ ಗಾಳಿಯನ್ನು ತಡೆಯುವುದಿಲ್ಲ, ಅದಕ್ಕೆ ಬೇರೆ ತಗಡು ಬೇಕು. ದಪ್ಪ ಅಲ್ಯುಮಿನಿಯಂ ಫಾಯಿಲ್ ಟ್ರೇಯನ್ನು 13 ಸೆಂ.ಮೀ. ಎತ್ತರ, 47 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಅಂಚು ಮಡಚಿ. ಒಂದೇ ಟ್ರೇಯಲ್ಲಿ ಅಷ್ಟು ಸಿಗದಿದ್ದರೆ ಎರಡು ತುಂಡು ಜೋಡಿಸಿ. ಪಾತ್ರೆಗೂ ತಗಡಿಗೂ ನಡುವೆ ಸುತ್ತ ಒಂದು ಸೆಂ.ಮೀ. ಜಾಗ ಬಿಡಬೇಕು. ಕೆಳ ಅಂಚಿನಲ್ಲಿ ಪೇಪರ್ ಪಂಚ್‌ನಿಂದ ಒಂದು ಸಾಲು ತೂತು.

ಈ ಅಲ್ಯುಮಿನಿಯಂ ಗಾಳಿ ತಡೆಯಲು ಮಾತ್ರ. ಅದರ ಮೇಲೆ ಪಾತ್ರೆ ಹೊರಿಸಬೇಡಿ. ಕರಗುವುದು 660 ಡಿಗ್ರಿಗೆ ಅಂತ ಧೈರ್ಯ ಮಾಡುವವರಿದ್ದಾರೆ. ಕರಗುವುದಕ್ಕೆ ಬಹಳ ಮುಂಚೆಯೇ ಅದು ಮೆತ್ತಗಾಗುತ್ತದೆ.

ಗ್ಯಾಸ್ ಸಿಲಿಂಡರ್ ಮೇಲೆಯೇ ಕೂರುವ ಸ್ಟೌವ್ ಇರುವವರು ಈ ತಗಡನ್ನು ಸುತ್ತ ಹಾಕಲೇಬಾರದು. ಕಾವು ಕೆಳಗಿನ ಸಿಲಿಂಡರ್‌ಗೆ ತಿರುಗಿ ಅದು ಸಿಡಿಯಬಹುದು.

ಜಾಲರಿ ಬೇಡ ಅನ್ನುವವರಿಗೆ

ತಗಡಿನ ಡಬ್ಬಿ: ಹಾಲಿನ ಪುಡಿಯ ಡಬ್ಬಿಯನ್ನು 7.5 ಸೆಂ.ಮೀ. ಎತ್ತರಕ್ಕೆ ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು, ತಳ ತೆಗೆದರೆ ಸ್ಟ್ಯಾಂಡ್ ಮತ್ತು ಗಾಳಿ ತಡೆ ಎರಡೂ ಒಂದರಲ್ಲೇ. ಇದರಲ್ಲಿ ಸೋಲುವವರು ಹೆಚ್ಚಾಗಿ ಸೋಲುವುದು ತೂತಿನ ವಿಷಯದಲ್ಲಿ. ಕೆಳಗೆ ಮಾತ್ರ ತೂತು ಮಾಡಿ ಮೇಲೆ ಪಾತ್ರೆ ಇಟ್ಟು ಮುಚ್ಚಿಬಿಡುತ್ತಾರೆ. ಸುಟ್ಟ ಗಾಳಿ ಹೊರಗೆ ಹೋಗಲು ದಾರಿ ಇಲ್ಲದೆ ಉರಿ ಆರುತ್ತದೆ. ಕೆಳಗೆ ಎಷ್ಟು ತೂತೋ, ಮೇಲಂಚಿನ ಹತ್ತಿರವೂ ಕಡಿಮೆ ಅಂದರೆ ಅಷ್ಟು ಬೇಕು. ಕೊಯ್ಯುವುದಕ್ಕೆ ಮುಂಚೆ ಡಬ್ಬಿಗೆ ಒದ್ದೆ ಮರಳು ಗಿಡಿದು ತುಂಬಿ, ಆಮೇಲೆ ಮೊಳೆ ಹೊಡೆಯಿರಿ, ತಗಡು ಒಳಕ್ಕೆ ನುಗ್ಗುವುದಿಲ್ಲ. ಒಳಗಿನ ಲೇಪ, ಹೊರಗಿನ ಬಣ್ಣ ಎಲ್ಲ ಮೊದಲ ಉರಿಯಲ್ಲಿ ಹೊಗೆಯಾಗಿ ಹೋಗುತ್ತದೆ. ಅದನ್ನು ಬಯಲಲ್ಲಿ, ಅಡುಗೆ ಇಡದೆ ಮುಗಿಸಿ.

ಸೈಕಲ್ ಕಡ್ಡಿ: ಸೈಕಲ್ ರಿಪೇರಿ ಅಂಗಡಿಯಲ್ಲಿ ಹಳೇ ಸ್ಪೋಕ್ಸ್ ಕಡ್ಡಿ ಕೇಳಿ. ಗಟ್ಟಿ ತಂತಿ, 2 ಮಿ.ಮೀ. ಆಸುಪಾಸು. ಗ್ಯಾಸ್ ಸ್ಟೌವ್‌ನ ತೋಳುಗಳ ನಡುವೆ ಕಾಫಿ ಲೋಟದಂಥ ಕಿರು ಪಾತ್ರೆ ನಿಲ್ಲದಿದ್ದರೆ, ನಾಲ್ಕು ಕಡ್ಡಿ ತುಂಡುಗಳನ್ನು ಎರಡು ಹೀಗೆ ಎರಡು ಹಾಗೆ ಅಡ್ಡಡ್ಡ ಇಟ್ಟು, ಸೇರುವ ಕಡೆ ಸ್ಟೀಲ್ ತಂತಿಯಿಂದ ಬಿಗಿದು, ತುದಿಗಳನ್ನು ತೋಳಿಗೆ ಸಿಕ್ಕುವ ಹಾಗೆ ಕೆಳಕ್ಕೆ ಬಗ್ಗಿಸಿ. ಬಣ್ಣ ಅಥವಾ ಪ್ಲಾಸ್ಟಿಕ್ ಹೊದಿಕೆ ಇರುವ ಬಟ್ಟೆ ಹ್ಯಾಂಗರ್ ತಂತಿ ಇದಕ್ಕೆ ಬೇಡ.

ಟೆಂಟ್ ಮೊಳೆ: ಮೂರು ಸ್ಟೀಲ್ ಮೊಳೆ ನೆಲಕ್ಕೆ ಚುಚ್ಚಿ ನಡುವೆ ಬರ್ನರ್ ಇಡುವುದು. ಮೆತ್ತನೆ ಮಣ್ಣಲ್ಲಿ ಚೆನ್ನ, ಘಟ್ಟದ ಹಾಸುಬಂಡೆ ಮೇಲೆ ಏನೂ ಮಾಡಲಾಗದು.

ಇಟ್ಟುಕೊಳ್ಳುವುದು

10 ಸೆಂ.ಮೀ. ಸ್ಟ್ಯಾಂಡ್ 12 ಸೆಂ.ಮೀ. ಪಾತ್ರೆಯೊಳಗೇ ಕೂರುತ್ತದೆ, ಅದರೊಳಗೆ ಬರ್ನರ್. ಗೀರು ಬೀಳದಿರಲು ನಡುವೆ ಒಂದು ಹಳೇ ಬಟ್ಟೆ. ಲೇಪ ತೆಗೆದ ಕಬ್ಬಿಣದ ಜಾಲರಿಗೆ ಪ್ರತಿ ಸಲ ಬಳಸಿದ ಮೇಲೆ ಒಂದು ತೊಟ್ಟು ಅಡುಗೆ ಎಣ್ಣೆ ಸವರಿ, ಮಲೆನಾಡಿನ ತೇವಕ್ಕೆ ಅದು ಎರಡು ದಿನಕ್ಕೇ ಕೆಂಪಾಗುತ್ತದೆ. ಬೆಸುಗೆ ಬಿಟ್ಟ ಚೌಕಗಳು ಮೂರು ನಾಲ್ಕು ಒಂದೇ ಕಡೆ ಕಂಡರೆ ಹೊಸದು ಮಾಡಿಕೊಳ್ಳಿ, ಉಳಿದ ಜಾಲರಿ ಹೇಗೂ ಮನೆಯಲ್ಲಿರುತ್ತದೆ.

ಹೆಕ್ಸಮೈನ್ ಬಿಲ್ಲೆ ಬಳಸುವವರೂ ಇದೇ ಸ್ಟ್ಯಾಂಡ್ ಇಟ್ಟುಕೊಳ್ಳಬಹುದು. ಹೆಕ್ಸಮೈನ್ ಅಂದರೆ ಬಿಳಿ ಗಟ್ಟಿ ಇಂಧನ. ಬಿಲ್ಲೆಗೂ ಪಾತ್ರೆಗೂ ನಡುವೆ 2.5ರಿಂದ 3 ಸೆಂ.ಮೀ. ಇರುವ ಹಾಗೆ ಒಂದು ಲೋಹದ ಡಬ್ಬಿ ಬೋರಲು ಹಾಕಿ ಅದರ ಮೇಲೆ ಬಿಲ್ಲೆ ಇಟ್ಟರಾಯಿತು. ಪಾತ್ರೆಯ ತಳಕ್ಕೆ ಅಂಟು ಅಂಟಾದ ಕಂದು ಮಸಿ ಹಿಡಿಯುತ್ತದೆ, ಅದಕ್ಕೆ ಬೇರೆ ಚೀಲ ಇರಲಿ. ಬಿಲ್ಲೆ ಮುಟ್ಟಿದ ಕೈ ತೊಳೆದೇ ಊಟಕ್ಕೆ ಕೂರಿ.